ಯಾರೂ ಬೈದಿಲ್ಲ, ಏನೂ ಆಗಿಲ್ಲ, ಆದರೂ ಯಾಕಿಷ್ಟು ಸುಸ್ತು?

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯಲ್ಲಿ ಪ್ರೈಮರಿ ಶಾಲೆ ಟೀಚರ್. ಅತ್ತೆ, ಮಾವ, ಯಜಮಾನರು, ಇಬ್ಬರು ಮಕ್ಕಳು, ಮೈದುನನ ಸಂಸಾರ, ಎಲ್ಲ ಒಂದೇ ಮನೆಯಲ್ಲಿದ್ದೇವೆ. ಎಲ್ಲರೂ ಒಳ್ಳೆಯವರೇ. ಆದರೆ ನನಗೆ ಯಾವಾಗಲೂ ಸುಸ್ತು. ಬೆಳಿಗ್ಗೆ ಏಳುವಾಗಲೇ ಸುಸ್ತು. ಶಾಲೆಯಿಂದ ಬಂದು ಸ್ಕೂಟಿ ನಿಲ್ಲಿಸಿದ ಮೇಲೆ ಗೇಟಿನ ಹೊರಗೇ ಐದು ನಿಮಿಷ ಸುಮ್ನೆ ಕೂತಿರುತ್ತೇನೆ, ಒಳಗೆ ಹೋಗಲು ಮನಸ್ಸೇ ಬರುವುದಿಲ್ಲ. ಒಳಗೆ ಟಿವಿ, ಮಕ್ಕಳ ಗಲಾಟೆ, ಕುಕ್ಕರ್ ಕೂಗು, ಜೊತೆಗೆ ಯಾರಾದರೂ ನೆಂಟರು. ಕೆಲವು ಸಲ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತೇನೆ. ಮೊನ್ನೆ ಚಿಕ್ಕತ್ತೆ ಮಗಳ ಮದುವೆಗೆ ಎರಡು ದಿನ ಛತ್ರದಲ್ಲಿದ್ದೆ. ಕೆಲಸವೇನೂ ಮಾಡಿರಲಿಲ್ಲ, ಬರೀ ಎಲ್ಲರನ್ನೂ ಮಾತಾಡಿಸಿಕೊಂಡು ಓಡಾಡಿದ್ದು. ಆಮೇಲೆ ನಾಲ್ಕು ದಿನ ತಲೆನೋವು, ಯಾರ ಮುಖವನ್ನೂ ನೋಡೋದು ಬೇಡ ಅನ್ನಿಸುತ್ತಿತ್ತು. ಸಣ್ಣವಳಿದ್ದಾಗಿಂದಲೂ ಮಾತು ಕಡಿಮೆ, 'ಮೂಗಿ' ಅಂತಲೇ ಕರೆಯುತ್ತಿದ್ದರು. ಯಾರಾದರೂ ಸ್ವಲ್ಪ ಮುಖ ಸಿಂಡರಿಸಿದರೂ ರಾತ್ರಿಯೆಲ್ಲ ಅದೇ ಯೋಚನೆ. ಯಜಮಾನರು 'ನಿಂಗೇನು ಕಮ್ಮಿಯಾಗಿದೆ?' ಅನ್ನುತ್ತಾರೆ. ಇದು ಸೋಮಾರಿತನವಾ, ರೋಗವಾ, ನನ್ನ ಸ್ವಭಾವವೇ ಹೀಗಾ?
ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗೇಟಿನ ಹೊರಗೆ ಸ್ಕೂಟಿ ಮೇಲೆ ಕೂತ ಆ ಐದು ನಿಮಿಷದ ಹತ್ತಿರ ಬಂದಾಗ ಎರಡು ಸಲವೂ ನಿಂತೆ. ನಾನೂ ಹಾಗೆ ಕೂತವಳೇ. ನನ್ನದು ಬಸ್‌ಸ್ಟಾಪಿನ ಕಲ್ಲುಬೆಂಚು. ಮನೆಗೆ ನೂರು ಹೆಜ್ಜೆ, ಆದರೂ ಈ ಬಸ್ಸು ಹೋಗಲಿ, ಇನ್ನೊಂದು ಹೋಗಲಿ ಅಂತ ಕೂತೇ ಇರುತ್ತಿದ್ದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇದು ಸೋಮಾರಿತನ ಅಲ್ಲವೇ ಅಲ್ಲ. ಶಾಲೆ, ತುಂಬಿದ ಮನೆ, ಇಬ್ಬರು ಮಕ್ಕಳು, ಮೂರನ್ನೂ ತೂಗಿಸಿಕೊಂಡು ಹೋಗುವವರಿಗೆ ಆ ಮಾತು ಸಲ್ಲದು. ಆ ಪದವನ್ನು ಇವತ್ತಿಂದ ತಲೆಯಿಂದ ತೆಗೆದುಹಾಕಿ.

ಉಳಿದಿದ್ದು ರೋಗವಾ, ಸ್ವಭಾವವಾ ಅನ್ನೋದು. ರೋಗದ ಮಾತನ್ನು ಮೊದಲು ಮುಗಿಸೋಣ. ಬೆಳಿಗ್ಗೆ ಏಳುವಾಗಲೇ ಸುಸ್ತು ಅಂದಿರಿ. ಆ ಒಂದು ಮಾತಿಗಾಗಿ ಈ ವಾರವೇ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12 ನೋಡಿಸಿ. ಸಾಧ್ಯವಾದರೆ ವಿಟಮಿನ್ ಡಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಕೂಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಮಂದಿಗೆ, ನಮ್ಮ ಕರ್ನಾಟಕದಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ನಿಮ್ಮ ಸ್ಟಾಫ್‌ರೂಮಿನಲ್ಲಿ ಹತ್ತು ಜನ ಟೀಚರ್ ಕೂತಿದ್ದರೆ ನಾಲ್ಕೈದು ಜನಕ್ಕೆ ಇರಬಹುದು ಅಂತ ಲೆಕ್ಕ. ನಿಮ್ಮಂಥವರಿಗೆ ಇದನ್ನು ಒತ್ತಿ ಹೇಳಲು ಕಾರಣ ಇದೆ. ಸೂಕ್ಷ್ಮ ಮನಸ್ಸಿನವರು ಏನೇ ಆದರೂ ಮೊದಲು ತಮ್ಮ ಮನಸ್ಸನ್ನೇ ದೂರುತ್ತಾರೆ. ನನ್ನ ಸ್ವಂತ ಅಕ್ಕ 'ನಾನು ಮೊದಲಿಂದಲೂ ಹಿಂಗೇ, ಜನ ಜಾಸ್ತಿಯಾದರೆ ಆಗಲ್ಲ' ಅಂದುಕೊಂಡೇ ಮೂರು ವರ್ಷ ತಳ್ಳಿದಳು. ಕೊನೆಗೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ತೋರಿಸಿದರೆ ಹಿಮೋಗ್ಲೋಬಿನ್ 8. ಹೆಂಗಸರಿಗೆ ಅದು 12ರ ಮೇಲಿರಬೇಕು. ಮಾತ್ರೆ ತಗೊಂಡ ಮೇಲೆ ಅವಳ ಸುಸ್ತು ಅರ್ಧ ಇಳಿಯಿತು. ಇನ್ನರ್ಧ ಉಳಿಯಿತು. ಆ ಉಳಿದ ಅರ್ಧದ ಬಗ್ಗೆಯೇ ಈಗ ಹೇಳಬೇಕಾಗಿರುವುದು.

ಅಂತರ್ಮುಖಿ ಅಂದರೆ ಮನಸ್ಸು ಒಳಮುಖವಾಗಿರುವವರು, ಬಹಿರ್ಮುಖಿ ಅಂದರೆ ಜನರ ಜೊತೆ ಸುಲಭವಾಗಿ ಬೆರೆಯುವವರು. ಈ ಮಾತು ಜನಕ್ಕೆ ಪರಿಚಯವಾದದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರಿಂದ, 1921ರಲ್ಲಿ. ಸೂಕ್ಷ್ಮತೆ ಬೇರೆಯದೇ ಒಂದು ಗುಣ. ಅದನ್ನು ಬೇರೆಯಾಗಿ ಗುರುತಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಏರನ್. 1997ರಲ್ಲಿ ಗಂಡ ಆರ್ಥರ್ ಏರನ್ ಜೊತೆ ಸೇರಿ 27 ಪ್ರಶ್ನೆಗಳ ಒಂದು ಅಳತೆಗೋಲನ್ನೇ ಮಾಡಿದರು. ಜೋರು ಸದ್ದು, ಜೋರು ಬೆಳಕು, ಬೇರೆಯವರ ಮುಖಭಾವ, ಇವೆಲ್ಲ ಕೆಲವರ ಒಳಗೆ ಉಳಿದವರಿಗಿಂತ ಆಳಕ್ಕೆ ಇಳಿಯುತ್ತವೆ ಅನ್ನೋದು ಅವರ ಮಾತು. ಅಂಥವರು ನೂರಕ್ಕೆ 15ರಿಂದ 20 ಇರಬಹುದು ಅಂತ ಅವರ ಅಂದಾಜು. ಆಮೇಲೆ 2018ರಲ್ಲಿ ಬಂದ ಅಧ್ಯಯನವೊಂದು ನೂರಕ್ಕೆ 30ರ ಹತ್ತಿರ ಅಂದಿತು. ಹಾಗಾಗಿ ನೀವೊಬ್ಬರೇ ಅಲ್ಲ, ನಿಮ್ಮ ಮನೆಯ ಒಂಬತ್ತು ಹತ್ತು ಜನರಲ್ಲೇ ಇನ್ನೊಬ್ಬರು ಇರಬಹುದು. ನಿಮ್ಮ ಮಾವನವರು ಟಿವಿ ಹಾಕಿದ ಕೂಡಲೇ ಎದ್ದು ಜಗುಲಿಗೆ ಹೋಗುತ್ತಾರಾ? ಒಮ್ಮೆ ಗಮನಿಸಿ. ಮುಖ್ಯ ಮಾತು, ಇದು ರೋಗ ಅಲ್ಲ, ಕಾಯಿಲೆಗಳ ಪಟ್ಟಿಯಲ್ಲಿ ಇಲ್ಲ. ಎತ್ತರ, ಬಣ್ಣ, ಧ್ವನಿ ಇದ್ದ ಹಾಗೆ ಮನುಷ್ಯರಲ್ಲಿ ಇರುವ ಒಂದು ವ್ಯತ್ಯಾಸ. ಮಾತು ಕಡಿಮೆ ಇರುವವರೆಲ್ಲ ಸೂಕ್ಷ್ಮದವರಲ್ಲ, ಸೂಕ್ಷ್ಮದವರೆಲ್ಲ ಮೌನಿಗಳೂ ಅಲ್ಲ. ಅವರಲ್ಲಿ ಮೂರರಲ್ಲೊಬ್ಬರು ಜನರ ನಡುವೆ ನಗುನಗುತ್ತಾ ಓಡಾಡುವವರೇ ಅಂತ ಏರನ್ ಹೇಳುತ್ತಾರೆ. ನಿಮ್ಮಲ್ಲಿ ಮಾತ್ರ ಎರಡೂ ಸೇರಿವೆ ಅಂತ ಪತ್ರ ನೋಡಿದರೆ ಅನ್ನಿಸುತ್ತದೆ.

ಇನ್ನು ಆ ಮದುವೆ. 'ಕೆಲಸವೇನೂ ಮಾಡಿರಲಿಲ್ಲ' ಅಂದಿರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಛತ್ರದ ಬಾಗಿಲಲ್ಲಿ ನಿಂತ ಒಂದೇ ಒಂದು ನಿಮಿಷವನ್ನು ನೆನಪು ಮಾಡಿಕೊಳ್ಳಿ. ಎದುರಿಗೆ ಒಬ್ಬ ಅಜ್ಜಿ ಕೈ ಹಿಡಿದುಕೊಂಡು 'ನಾನ್ಯಾರು ಗೊತ್ತಾಯ್ತೇನೇ?' ಅನ್ನುತ್ತಾರೆ. ಗೊತ್ತಾಗಿಲ್ಲ. ಆದರೂ ನಗಬೇಕು, ನಗುತ್ತಲೇ ತಲೆಯೊಳಗೆ ಹುಡುಕಬೇಕು, ಹರಿಹರದವರಾ, ಚನ್ನಗಿರಿಯವರಾ? ಹಿಂದೆ ಓಲಗ ಜೋರಾಗಿದೆ. ಅದರ ಮೇಲೆ ಮೈಕಿನವನು ಯಾರದೋ ಕಾರು ತೆಗೆಯಿರಿ ಅಂತ ಕೂಗುತ್ತಾನೆ. ಪಕ್ಕದಲ್ಲಿ ಅತ್ತೆಯವರು ಯಾರನ್ನೋ ನೋಡಿ ತುಟಿ ಬಿಗಿದದ್ದು ನಿಮಗೊಬ್ಬರಿಗೇ ಕಂಡಿದೆ, ಯಾಕಿರಬಹುದು, ನಾನೇನಾದರೂ ಕರೆಯೋದು ಮರೆತೆನಾ? ಮಗ ಎಲ್ಲಿ? ಚಪ್ಪಲಿ ಬಿಚ್ಚಿ ಎಲ್ಲೋ ಓಡಿದ. ಸೀರೆಯ ನೆರಿಗೆ ಜಾರುತ್ತಿದೆ. ಇನ್ನೊಬ್ಬರು ಬಂದು 'ಯಾಕಮ್ಮಾ ಹಿಂಗಾಗಿದ್ದೀಯ, ಊಟ ಮಾಡಲ್ವಾ?' ಅನ್ನುತ್ತಾರೆ. ಅದು ಚುಚ್ಚುತ್ತದೆ, ಆದರೂ ನಗು ಮಾಸಬಾರದು. ಒಂದು ನಿಮಿಷ ಇದು. ನಿಮ್ಮ ಓರಗಿತ್ತಿ ಅದೇ ಬಾಗಿಲಲ್ಲಿ ನಿಂತಿದ್ದರೆ ಇದರಲ್ಲಿ ಎರಡೋ ಮೂರೋ ಅವರ ಕಿವಿಗೆ ಬೀಳುತ್ತಿತ್ತು, ಉಳಿದದ್ದು ಗಾಳಿಗೆ ಹೋಗುತ್ತಿತ್ತು. ನಿಮಗೆ ಎಲ್ಲವೂ ಕಂಡಿದೆ, ಎಲ್ಲಕ್ಕೂ ಒಳಗೊಳಗೇ ಉತ್ತರ ಕೊಟ್ಟಿದ್ದೀರಿ. ಇಂಥ ನಿಮಿಷಗಳು ಎರಡು ದಿನಕ್ಕೆ ಎಷ್ಟಾದವು ಅಂತ ನೀವೇ ಲೆಕ್ಕ ಹಾಕಿ. ಸುಸ್ತಾಗದೆ ಇನ್ನೇನಾಗುತ್ತದೆ?

ಇದರ ಜೊತೆಗೆ ಮುಖ ಕಾಯುವ ಕೆಲಸ. ಒಳಗೆ ಏನೇ ಇರಲಿ, ಹೊರಗೆ ಮುಖ ಪ್ರಸನ್ನವಾಗಿರಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೊಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರ ಬಗ್ಗೆ ಬರೆಯುತ್ತಾ, ಹೀಗೆ ನಗುವನ್ನು ಹಿಡಿದಿಡೋದು ಕೂಡ ಮೈಮುರಿದು ದುಡಿದಷ್ಟೇ ನಿಜವಾದ ದುಡಿಮೆ ಅಂತ ತೋರಿಸಿಕೊಟ್ಟರು. ಗಗನಸಖಿಗೆ ವಿಮಾನ ಇಳಿದ ಮೇಲಾದರೂ ಆ ನಗು ತೆಗೆದಿಡಬಹುದು. ಟೀಚರ್ ಆಗಿ ದಿನವಿಡೀ ನಲವತ್ತು ಮಕ್ಕಳ ಮುಂದೆ, ಮತ್ತೆ ಪೇರೆಂಟ್ಸ್ ಮುಂದೆ, ಮತ್ತೆ ಮನೆಯಲ್ಲಿ ಸೊಸೆಯಾಗಿ, ನಿಮಗೆ ಅದನ್ನು ತೆಗೆದಿಡುವ ಜಾಗ ಎಲ್ಲಿದೆ? ಸ್ಕೂಟಿಯ ಸೀಟು ಮತ್ತು ಬಾತ್‌ರೂಮು. ಎರಡೇ.

ಇನ್ನೊಂದು ಸಂಗತಿ ಹೇಳುತ್ತೇನೆ, ಇದು ತಿಳಿದ ಮೇಲೆ ನನಗೇ ಎಷ್ಟೋ ಸಮಾಧಾನ ಆಯಿತು. ಫಿನ್‌ಲ್ಯಾಂಡಿನಲ್ಲಿ ವಿದ್ಯಾರ್ಥಿಗಳನ್ನು 12 ದಿನ ಗಮನಿಸಿ ನೋಡಿದರು, 2017ರಲ್ಲಿ ಅದು ಪ್ರಕಟವಾಯಿತು. ಜನರ ಜೊತೆ ಹುರುಪಿನಿಂದ ಮಾತಾಡುವಾಗ ಎಲ್ಲರಿಗೂ ಖುಷಿಯೇ ಆಗುತ್ತದೆ, ಆದರೆ ಸುಮಾರು ಮೂರು ಗಂಟೆ ಕಳೆದ ಮೇಲೆ ದಣಿವು ಬರುತ್ತದೆ ಅಂತ ಕಂಡಿತು. ಅಂತರ್ಮುಖಿಗಳಿಗೆ ಮಾತ್ರ ಅಲ್ಲ, ಮಾತುಗಾರರಿಗೂ. ಸುಸ್ತು ಆಗಲೇ ಬರದೆ ತಡವಾಗಿ ಬರುವುದರಿಂದ ಯಾವುದರಿಂದ ಬಂತು ಅಂತ ನಮಗೆ ಗೊತ್ತಾಗುವುದಿಲ್ಲ. ಸಂಜೆ ಏಳಕ್ಕೆ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವಾಗ ಕಣ್ಣು ಕತ್ತಲೆ ಬಂದರೆ ಚಪಾತಿಯನ್ನು ಬೈದುಕೊಳ್ಳುತ್ತೇವೆ. ಅಸಲಿಗೆ ಅದು ನಾಲ್ಕು ಗಂಟೆಯ ಪೇರೆಂಟ್ಸ್ ಮೀಟಿಂಗಿನದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2019ರಲ್ಲಿ ಇನ್ನೊಂದು ಪ್ರಯೋಗ ಆಯಿತು, ಒಂದು ವಾರ ಪೂರ್ತಿ ಬಹಿರ್ಮುಖಿಗಳ ಹಾಗೆ ನಡೆದುಕೊಳ್ಳಿ ಅಂತ ಜನರಿಗೆ ಹೇಳಿದರು. ಸಹಜವಾಗಿ ಮಾತುಗಾರರಾದವರಿಗೆ ಅದು ಚೆನ್ನಾಗಿಯೇ ಇತ್ತು. ತುಂಬಾ ಅಂತರ್ಮುಖಿಗಳಾದವರಿಗೆ ಅಷ್ಟು ಲಾಭ ಆಗಲಿಲ್ಲ, ದಣಿವು ಜಾಸ್ತಿಯಾಯಿತು, ತಾನು ತಾನಾಗಿಲ್ಲ ಅನ್ನಿಸಿತು. ಒಂದೇ ವಾರಕ್ಕೆ ಹೀಗೆ! ನೀವು 'ಮೂಗಿ' ಅನ್ನಿಸಿಕೊಂಡ ದಿನದಿಂದ ಎಷ್ಟು ವರ್ಷ ಹಾಗೆ ನಡೆದುಕೊಂಡಿದ್ದೀರಿ?

ನಮ್ಮಜ್ಜಿ ಮನೆಯಲ್ಲಿ ಒಂದು ಬಾವಿ ಇತ್ತು. ಬೇಸಿಗೆಯಲ್ಲಿ ಬೆಳಿಗ್ಗೆ ಇಪ್ಪತ್ತು ಕೊಡ ಸೇದಿದರೆ ಇಪ್ಪತ್ತೊಂದನೆಯದು ತಳ ಬಡಿದು ಕೆಸರು ತರುತ್ತಿತ್ತು. ಅಜ್ಜಿ ಹಗ್ಗ ಸುತ್ತಿಟ್ಟು 'ಊರಲಿ ಬಿಡು, ಸಂಜೆ ನೋಡೋಣ' ಅನ್ನುತ್ತಿದ್ದಳು. ಪಕ್ಕದ ಮನೆಯ ಬಾವಿಯಲ್ಲಿ ಸೆಲೆ ಜೋರು, ಅಲ್ಲಿ ಮಟಮಟ ಮಧ್ಯಾಹ್ನವೂ ನೀರು ಸಿಗುತ್ತಿತ್ತು. ಹಾಗಂತ ನಮ್ಮ ಬಾವಿಯನ್ನು ಯಾರೂ ಬೈಯಲಿಲ್ಲ, ಆ ನೀರೇ ಸಿಹಿ ಅಂತ ಊರವರು ಬಂದು ಒಯ್ಯುತ್ತಿದ್ದರು. ನಿಮ್ಮ ಕಷ್ಟ ಇರುವುದು ಊರಲು ಬಿಡದೆ ಸೇದುತ್ತಲೇ ಇರುವುದರಲ್ಲಿ. ಹಗಲು ಜನ, ಸಂಜೆ ಮನೆ, ರಾತ್ರಿ ಮಲಗಿದ ಮೇಲೂ ಯಾರೋ ಮುಖ ಸಿಂಡರಿಸಿದ್ದರ ಲೆಕ್ಕಾಚಾರ. ನಿದ್ದೆಯಲ್ಲೂ ಊರುವುದಿಲ್ಲ ಅಂದರೆ ಬೆಳಿಗ್ಗೆ ಕೆಸರೇ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಕೂಡು ಕುಟುಂಬದಲ್ಲಿ ಹೆಂಗಸು 'ನನ್ನನ್ನು ಅರ್ಧ ಗಂಟೆ ಒಂಟಿಯಾಗಿ ಬಿಡಿ' ಅಂದರೆ ಅದು ಜಗಳದ ಹಾಗೆ ಕೇಳಿಸುತ್ತದೆ, ಅದು ನನಗೆ ಗೊತ್ತು. 'ನಮ್ಮ ಮೇಲೆ ಬೇಜಾರಾ?' ಅಂತ ನಾಲ್ಕು ಜನ ಕೇಳುತ್ತಾರೆ. ಆದ್ದರಿಂದ ಮೊದಲು ಯಜಮಾನರಿಗೆ ಹೇಳಿ, ಸುಸ್ತಾಗಿ ಅಳು ಬಂದ ಹೊತ್ತಲ್ಲಿ ಬೇಡ, ಭಾನುವಾರ ಬೆಳಿಗ್ಗೆ ಇಬ್ಬರೂ ಕಾಫಿ ಕುಡಿಯುವಾಗ ಹೇಳಿ. ಹೀಗೆ ಹೇಳಬಹುದು: 'ನನಗೇನೂ ಕಮ್ಮಿಯಾಗಿಲ್ಲ ರೀ. ಯಾರ ಮೇಲೂ ಬೇಜಾರಿಲ್ಲ. ಶಾಲೆಯಿಂದ ಬಂದ ಮೇಲೆ ಇಪ್ಪತ್ತು ನಿಮಿಷ ಮಹಡಿ ಮೇಲೆ ಸುಮ್ನೆ ಕೂತಿದ್ದು ಬಂದರೆ ರಾತ್ರಿಯವರೆಗೆ ನಗುನಗುತ್ತಾ ಇರಬಲ್ಲೆ. ಅಷ್ಟು ಹೊತ್ತು ಮಕ್ಕಳನ್ನು ನೀವು ನೋಡಿಕೊಳ್ಳಿ.' ಇಷ್ಟು ನಿಮಿಷ, ಈ ಹೊತ್ತು, ಈ ಜಾಗ ಅಂತ ಗೊತ್ತು ಮಾಡಿ ಕೇಳಿದರೆ ಜನ ಕೊಡುತ್ತಾರೆ. ಬರೀ 'ನನಗೆ ಸುಸ್ತು' ಅಂದರೆ ಏನು ಕೊಡಬೇಕು ಅಂತ ಅವರಿಗೂ ತಿಳಿಯುವುದಿಲ್ಲ. ಆ ಇಪ್ಪತ್ತು ನಿಮಿಷ ಮೊಬೈಲ್ ಕೆಳಗೇ ಇರಲಿ. ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಇರುವವರೂ ಜನರೇ ಅಲ್ವಾ? ಅವರಿಗೂ ನಿಮ್ಮ ಮನಸ್ಸು ಉತ್ತರ ಕೊಡುತ್ತಲೇ ಇರುತ್ತದೆ.

ಮದುವೆಗಳಿಗೆ ಹೋಗೋದು ಬಿಡಬೇಡಿ. ರಿಸೆಪ್ಷನ್ನಾ, ಮುಹೂರ್ತವಾ ಅಂತ ಒಂದನ್ನು ಆರಿಸಿಕೊಳ್ಳಿ. ಹೋದ ಕೂಡಲೇ ಏನಾದರೂ ಒಂದು ಕೆಲಸ ಕೇಳಿ ಪಡೆಯಿರಿ, ತಾಂಬೂಲದ ಚೀಲ ತುಂಬೋದು, ಮುಯ್ಯಿ ಬರೆದುಕೊಳ್ಳೋದು. ಕೈಯಲ್ಲಿ ಕೆಲಸ ಇದ್ದರೆ ಬಾಗಿಲಲ್ಲಿ ನಿಂತು ನಗುವ ಪಾಳಿ ನಿಮಗೆ ಬರುವುದಿಲ್ಲ, ಯಾರೂ ತಪ್ಪು ತಿಳಿಯುವುದೂ ಇಲ್ಲ. ಮಾರನೆಯ ದಿನ ನೆಂಟರನ್ನು ಊಟಕ್ಕೆ ಕರೆಯಬೇಡಿ.

ಒಂದು ಮಾತು ಬಾಕಿ ಇದೆ. ನಿಮ್ಮ ಸುಸ್ತಿನಲ್ಲಿ ಒಂದು ಪಾಲು ಸ್ವಭಾವದ್ದಲ್ಲ, ಬರೀ ಕೆಲಸದ್ದು. ಆ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು ಯಾರು, ಕೊನೆಗೆ ಊಟಕ್ಕೆ ಕೂರುವವರು ಯಾರು ಅಂತ ನೀವು ಬರೆದಿಲ್ಲ. ನಾನು ಊಹಿಸಬಲ್ಲೆ. ಮಾತು ಕಡಿಮೆ ಇರುವವರ ತಲೆ ಮೇಲೆ ಕೆಲಸ ಸುಲಭವಾಗಿ ಬಂದು ಕೂರುತ್ತದೆ, ಅವರು ಬೇಡ ಅನ್ನುವುದಿಲ್ಲವಲ್ಲ. ಯಜಮಾನರ ಜೊತೆ ಮಾತಾಡುವಾಗ ಇದನ್ನೂ ಸೇರಿಸಿ.

ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಮಹಡಿಯ ಮೇಲಿನ ಆ ಇಪ್ಪತ್ತು ನಿಮಿಷವೂ ಹಿತ ಅನ್ನಿಸದಿದ್ದರೆ, ನಿದ್ದೆ ಪೂರಾ ಕೆಟ್ಟರೆ, ಬದುಕೇ ಬೇಡ ಅನ್ನಿಸಿದರೆ, ಅದನ್ನು ಸ್ವಭಾವ ಅಂತ ಬಿಡಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ನನಗೊಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ಹಾಸನದವನು, 27 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆಫೀಸ್ ಪೂರ್ತಿ ಓಪನ್ ಹಾಲ್, ನೂರಾರು ಜನ, ದಿನಕ್ಕೆ ಐದಾರು ಕಾಲ್. ಪಿಜಿಯಲ್ಲಿ ಇನ್ನಿಬ್ಬರು ರೂಮ್‌ಮೇಟ್ಸ್. ಕೋಡ್ ಬರೆಯೋದರಿಂದ ಸುಸ್ತಾಗಲ್ಲ, ಜನರಿಂದ ಆಗುತ್ತೆ. ಶನಿವಾರ ಭಾನುವಾರ ಪೂರ್ತಿ ಮಲಗಿದರೂ ಸೋಮವಾರ ಹೆಣದ ಹಾಗೆ ಇರ್ತೀನಿ. ಕೆಲಸ ಬಿಟ್ಟು ಊರಿಗೆ ಹೋಗಿಬಿಡಲಾ?
ವಿ., ಬೆಂಗಳೂರು

ಉತ್ತರ: ಸುಸ್ತಾದಾಗ ಕೆಲಸ ಬಿಡುವ ತೀರ್ಮಾನ ತಗೋಬೇಡಿ. ಮೊದಲು ಎರಡು ತಿಂಗಳು ಕೆಲವು ಬದಲಾವಣೆ ಮಾಡಿ ನೋಡಿ, ಆಮೇಲೂ ಊರು ಕರೆದರೆ ಹೋಗಿ, ಅದರಲ್ಲಿ ಸೋಲು ಅನ್ನುವಂಥದ್ದೇನೂ ಇಲ್ಲ.

1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಿಂಬೆರಸದ ಒಂದು ಪರೀಕ್ಷೆ ನಡೆಯುತ್ತಿತ್ತು. ನಾಲಿಗೆ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ ಎಷ್ಟು ಜೊಲ್ಲು ಬರುತ್ತದೆ ಅಂತ ಅಳೆಯುವುದು. ಅಂತರ್ಮುಖಿಗಳಿಗೆ ಜಾಸ್ತಿ ಬಂತು. ಅಂತರ್ಮುಖಿಗಳ ಮಿದುಳು ಮೊದಲೇ ಹೆಚ್ಚು ಎಚ್ಚರದಲ್ಲಿರುತ್ತದೆ, ಸ್ವಲ್ಪ ಸದ್ದು, ಸ್ವಲ್ಪ ಹುಳಿ, ಸ್ವಲ್ಪ ಜನ ಬಿದ್ದರೂ ಅದಕ್ಕೆ ಸಾಕಾಗಿಬಿಡುತ್ತದೆ ಅಂತ ಹ್ಯಾನ್ಸ್ ಐಸೆಂಕ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ವಿವರಿಸಿದರು. ವಿಷಯ ಅಷ್ಟು ಸರಳ ಅಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ ಸದ್ದಿನ ಮಟ್ಟಿಗೆ ನಿಮ್ಮ ಅನುಭವ ಅದಕ್ಕೆ ಹೊಂದುತ್ತದೆ. ನಮ್ಮ ದೇಶದ ಶಬ್ದ ನಿಯಮ 2000ದ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ದಾಟಬಾರದು. ಬೆಂಗಳೂರಿನ ಯಾವ ಪಿಜಿಯ ಕಿಟಕಿಯಲ್ಲಿ ರಾತ್ರಿ ಅಷ್ಟು ನಿಶ್ಶಬ್ದ ಇರುತ್ತದೆ ಹೇಳಿ. ಹೊರಗೆ ರಸ್ತೆ, ಒಳಗೆ ರೂಮ್‌ಮೇಟ್ ಮೊಬೈಲಿನ ಕ್ರಿಕೆಟ್. ನಿಮ್ಮ ಕಿವಿಗೆ ರಜೆಯೇ ಸಿಕ್ಕಿಲ್ಲ.

ಸ್ಪೀಕರ್ ಆಫ್ ಮಾಡಿ ಹೆಡ್‌ಫೋನಿನಲ್ಲಿ ಹಾಡು ಹಾಕಿಕೊಂಡರೆ ಅದೂ ಸದ್ದೇ. ಎರಡು ಕಾಲ್‌ಗಳ ನಡುವೆ ಹತ್ತು ನಿಮಿಷವಾದರೂ ಇರುವ ಹಾಗೆ ಕ್ಯಾಲೆಂಡರಿನಲ್ಲಿ ತಡೆ ಹಾಕಿ. ಅಷ್ಟು ಹೊತ್ತು ಹಾಡೂ ಬೇಡ, ಮೊಬೈಲೂ ಬೇಡ, ಮೆಟ್ಟಿಲು ಇಳಿದು ಒಂದು ಮರ ಹುಡುಕಿ ಅದರ ಕೆಳಗೆ ನಿಂತು ಬನ್ನಿ. ಮೀಟಿಂಗಿನಲ್ಲಿ ಹೇಳಬೇಕಾದ್ದನ್ನು ಹಿಂದಿನ ರಾತ್ರಿಯೇ ಎರಡು ಸಾಲು ಬರೆದಿಟ್ಟುಕೊಂಡರೆ ಅಲ್ಲಿ ಕೂತು ಮಾತು ಹುಡುಕುವ ಸುಸ್ತು ಕಮ್ಮಿ. ಸಂಜೆ ಐದರ ಮೇಲೆ ಕಾಫಿ ಬೇಡ, ಕಾಫಿಯ ಕೆಫೀನ್ ಐದು ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಸಾಧ್ಯವಾದರೆ ಒಬ್ಬರೇ ಇರುವ ರೂಮಿಗೆ ಬದಲಾಯಿಸಿ, ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಡಬೇಕಾದರೂ ಅದು ನಿಮ್ಮ ಆರೋಗ್ಯದ ಖರ್ಚು ಅಂತ ತಿಳಿಯಿರಿ.

ವಾರಾಂತ್ಯದ ಬಗ್ಗೆ ಮಾತ್ರ ನನಗೆ ಸ್ವಲ್ಪ ಚಿಂತೆ. ಎರಡು ದಿನ ಪೂರ್ತಿ ಬಾಗಿಲು ಹಾಕಿಕೊಂಡು ಮಲಗಿದರೆ ದಣಿವು ಹೋಗುವುದಿಲ್ಲ, ಒಂಟಿತನ ಬಂದು ಅದರ ಪಕ್ಕದಲ್ಲಿ ಕೂರುತ್ತದೆ. ನಿಮಗೆ ಆಗದಿರುವುದು ಗುಂಪು. ಮಾತಾಡದೆ ಜೊತೆಗೆ ನಡೆಯಬಲ್ಲ ಒಬ್ಬ ಗೆಳೆಯ ಇದ್ದೇ ಇರುತ್ತಾನೆ, ಕಾಲೇಜಿನವನೋ ಊರಿನವನೋ. ಭಾನುವಾರ ಬೆಳಿಗ್ಗೆ ಅವನ ಜೊತೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹೊಡೆದು ಇಡ್ಲಿ ತಿಂದು ಬನ್ನಿ. ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ಅಮ್ಮನ ಮನೆಯಲ್ಲಿ ಮಲಗಿ, ಅದಕ್ಕೆ ಕೆಲಸ ಬಿಡಬೇಕಾಗಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಶಾಲೆಯಿಂದ ಬಂದ ಕೂಡಲೇ ಚೀಲ ಎಸೆದು ಮಂಚದ ಕೆಳಗೆ ತೂರಿ ಮಲಗುತ್ತಾನೆ. ನೆಂಟರು ಬಂದರೆ ನನ್ನ ಸೆರಗಿನ ಹಿಂದೆ. ಬಟ್ಟೆಯ ಲೇಬಲ್ ಚುಚ್ಚುತ್ತೆ ಅಂತ ಅಳುತ್ತಾನೆ. ಬರ್ತ್‌ಡೇ ಪಾರ್ಟಿಗೆ ಹೋಗಿ ಬಂದರೆ ಮಾರನೇ ದಿನ ಜ್ವರ ಬಂದವರ ಹಾಗೆ. 'ಗಂಡುಮಗು ಹಿಂಗಿದ್ದರೆ ಹೆಂಗೆ?' ಅಂತ ನಮ್ಮತ್ತೆ ಅನ್ನುತ್ತಾರೆ. ಧೈರ್ಯ ಬರಲಿ ಅಂತ ಎಲ್ಲದಕ್ಕೂ ಮುಂದೆ ತಳ್ಳುತ್ತಿದ್ದೇವೆ. ಸರಿಯಾ?
ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ತಳ್ಳಬೇಡಿ ತಾಯಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳ ಮುಂದೆ ಹೊಸ ಆಟಿಕೆ ಆಡಿಸಿ, ಹೊಸ ದನಿ ಕೇಳಿಸಿ, ಹೊಸ ವಾಸನೆ ತೋರಿಸಿ ನೋಡಿದರು. ಐದರಲ್ಲಿ ಒಂದು ಮಗು ಕೈಕಾಲು ಬಡಿದು ಜೋರಾಗಿ ಅತ್ತಿತು. ಅವುಗಳನ್ನೇ ಎಷ್ಟೋ ವರ್ಷ ಗಮನಿಸಿದರು. ಅವರಲ್ಲಿ ತುಂಬಾ ಮಕ್ಕಳು ದೊಡ್ಡವರಾದ ಮೇಲೆ ಎಚ್ಚರದ, ಸೂಕ್ಷ್ಮದ ಮಕ್ಕಳಾದರು, ಆದರೆ ಎಲ್ಲರೂ ಪುಕ್ಕಲರಾಗಲಿಲ್ಲ. ನಾಲ್ಕು ತಿಂಗಳಿಗೇ ಇದ್ದ ಗುಣ ಅಂದಮೇಲೆ ಅದು ನೀವು ಮುದ್ದು ಮಾಡಿ ಕೆಡಿಸಿದ್ದಲ್ಲ. ಇದನ್ನು ನಿಮ್ಮತ್ತೆಯವರಿಗೂ ಓದಿ ಹೇಳಿ.

ಮಂಚದ ಕೆಳಗೆ ಮಲಗುತ್ತಾನಲ್ಲ, ಎಷ್ಟು ಜಾಣ ಮಗು ನೋಡಿ, ತನಗೇನು ಬೇಕು ಅಂತ ತಾನೇ ಕಂಡುಕೊಂಡಿದೆ. ಅಲ್ಲೊಂದು ಚಾಪೆ, ಹಳೇ ಕೌದಿ ಹಾಸಿಡಿ. ಅರ್ಧ ಗಂಟೆ 'ಇವತ್ತೇನು ಮಾಡಿದೆ, ಟಿಫನ್ ಖಾಲಿ ಮಾಡಿದೆಯಾ, ಮಿಸ್ ಏನಂದ್ರು' ಅಂತ ಕೇಳಬೇಡಿ. ತಾನೇ ಹೊರಗೆ ಬಂದು ಹೇಳುತ್ತಾನೆ. ಲೇಬಲ್ ಕತ್ತರಿಸಿಬಿಡಿ. ನೆಂಟರು ಬಂದಾಗ 'ಮಾಮಂಗೆ ರೈಮ್ಸ್ ಹೇಳು' ಅನ್ನೋದನ್ನು ನಿಲ್ಲಿಸಿ, ಅದರ ಬದಲು ನೀರಿನ ಲೋಟ ಕೊಡುವ ಕೆಲಸ ಅವನಿಗೆ ಕೊಡಿ. ಪಾರ್ಟಿಗೆ ಎಲ್ಲರಿಗಿಂತ ಮೊದಲು ಕರೆದುಕೊಂಡು ಹೋಗಿ, ಆಗ ಎರಡೇ ಮಕ್ಕಳಿರುತ್ತವೆ, ಒಬ್ಬೊಬ್ಬರೇ ಬರುತ್ತಾ ಅವನಿಗೆ ಅಭ್ಯಾಸವಾಗುತ್ತದೆ. ಕೇಕ್ ಕತ್ತರಿಸಿದ ಮೇಲೆ ಹೊರಟುಬಿಡಿ. ಹಾಗಂತ ಎಲ್ಲದರಿಂದ ಮುಚ್ಚಿಟ್ಟು ಬೆಳೆಸೋದೂ ಬೇಡ. ಕೈ ಹಿಡಿದು ದಡದಲ್ಲಿ ನಿಂತರೆ ಅವನೇ ಒಂದೊಂದು ಕಾಲು ನೀರಿಗಿಡುತ್ತಾನೆ. ಮಾತು ತಡವಾಗಿ ಬಂದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಶಾಲೆಗೆ ಹೋಗಲು ದಿನವೂ ಹೊಟ್ಟೆನೋವು ಅಂದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ ಅಂತಲೂ ಮೆಲ್ಲಗೆ ವಿಚಾರಿಸಿ.

ಪ್ರಶ್ನೆ: ನನ್ನ ಹೆಂಡತಿ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಮನೆಗೆ ಬಂದ ಮೇಲೆ ಒಂದು ತಾಸು ಮಾತೇ ಇಲ್ಲ. ಕೇಳಿದರೆ 'ಏನಿಲ್ಲ' ಅನ್ನುತ್ತಾಳೆ. ಅಲ್ಲಿ ಎಲ್ಲರ ಜೊತೆ ನಗುನಗುತ್ತಾ ಮಾತಾಡುವವಳಿಗೆ ನನ್ನ ಮೇಲೆ ಮಾತ್ರ ಸಿಟ್ಟಾ?
ಎಂ., ಹುಬ್ಬಳ್ಳಿ

ಉತ್ತರ: ಸಿಟ್ಟು ಅಂತ ನನಗೆ ಅನ್ನಿಸುವುದಿಲ್ಲ. ದಾವಣಗೆರೆಯ ಆ ತಂಗಿಗೆ ಬರೆದ ಉತ್ತರವನ್ನು ಒಮ್ಮೆ ಓದಿ, ಮುಖ ಕಾಯುವ ಕೆಲಸದ ಬಗ್ಗೆ ಅಲ್ಲಿ ಹೇಳಿದ್ದೇನೆ. ದಿನವಿಡೀ ಕೌಂಟರಿನ ಮುಂದೆ ನಿಂತವರ ಸಿಟ್ಟು, ಅವಸರ, ಅನುಮಾನ ಎಲ್ಲ ಕೇಳಿ ಕೇಳಿ, ನಗುತ್ತಾ ಉತ್ತರ ಕೊಟ್ಟು ಕೊಟ್ಟು, ಅವರು ಮನೆ ಸೇರುತ್ತಾರೆ. ನಗದೆ ಇರಬಹುದಾದ ಜಾಗ ಅವರಿಗೆ ಇದೊಂದೇ. ನಿಮ್ಮ ಮುಂದೆ ಮುಖ ಕಾಯಬೇಕಾಗಿಲ್ಲ ಅಂತ ಅವರಿಗೆ ಧೈರ್ಯ ಇದೆ, ಅದಕ್ಕೇ ಸುಮ್ಮನಿದ್ದಾರೆ.

ಇವತ್ತು ಸಂಜೆ ಅವರು ಬಂದಾಗ ಏನಾಯ್ತು ಅಂತ ಕೇಳಬೇಡಿ. ಟಿವಿ ಆರಿಸಿ. ಒಂದು ಲೋಟ ಚಹಾ ಮಾಡಿ ಅವರ ಪಕ್ಕದಲ್ಲಿಟ್ಟು, ರಾತ್ರಿಯ ರೊಟ್ಟಿಗೆ ಪಲ್ಯದ ಕಾಯಿಪಲ್ಲೆ ನೀವೇ ಹೆಚ್ಚಲು ಕೂರಿ. ಒಂದು ತಾಸು ಕಳೆಯಲಿ. ಆಮೇಲೆ ಅವರು ಎದ್ದು ಬಂದು ನಿಮ್ಮ ಪಕ್ಕದಲ್ಲಿ ಕೂತಾಗ ಮಾತು ಅವರಿಂದಲೇ ಶುರುವಾಗಲಿ.